ಒಂದು ಖಾಯಂ ಹುದ್ದೆಗೆ ಇಬ್ಬರು ಅತಿಥಿಗಳು

ನಕ್ಷೆ ಮೇಷ್ಟ್ರು ಹೋದ ಶುಕ್ರವಾರ ಮಧ್ಯಾಹ್ನ ತೀರಿಕೊಂಡರು. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ, ಅಧ್ಯಾಪಕರ ಹುದ್ದೆಗೆ ಸಂದರ್ಶನ ನಡೆಯುತ್ತಿದ್ದ ಕೋಣೆಯ ಹೊರಗೆ, ಬೆಂಚಿನ ಮೇಲೆ ಕೂತಲ್ಲೇ ಪ್ರಾಣ ಹೋಯಿತು. ಹೃದಯಾಘಾತ ಎಂದು ವೈದ್ಯರು ಬರೆದುಕೊಟ್ಟರು. ಆ ಹುದ್ದೆ ಯಾರಿಗೆ ಎಂಬುದು ಇದನ್ನು ಬರೆಯುವ ಹೊತ್ತಿಗೂ ಹೊರಬಿದ್ದಿಲ್ಲ.

ಅವರು ಭೂಗೋಳ ವಿಭಾಗದ ಅತಿಥಿ ಉಪನ್ಯಾಸಕರು. ಎಷ್ಟು ವರ್ಷದಿಂದ ಎಂದು ಯಾರಾದರೂ ಕೇಳಿದರೆ, "ನಾನು ಬಂದಾಗ ಗೇಟಿನ ಹತ್ತಿರದ ಆ ಮರ ನನ್ನ ಮೊಣಕಾಲಿಗಿತ್ತು. ಈಗ ಅದರ ಕೆಳಗೆ ಖಾಯಂ ಆದವರು ಕಾರು ನಿಲ್ಲಿಸ್ತಾರೆ" ಎನ್ನುತ್ತಿದ್ದರು. ಪ್ರತಿ ವರ್ಷ ಪರೀಕ್ಷೆ ಮುಗಿದ ದಿನ ಒಪ್ಪಂದವೂ ಮುಗಿಯುವುದು. ಬೇಸಿಗೆಯಲ್ಲಿ ಅವರು ವಿಶ್ವವಿದ್ಯಾಲಯಕ್ಕೆ ಯಾರೂ ಅಲ್ಲ. ತರಗತಿ ಶುರುವಾಗುವ ವಾರ ಮತ್ತೆ ಕರೆ ಬರುವುದು, ಮತ್ತೆ ಅತಿಥಿ. ಖಾಯಂ ಅಧ್ಯಾಪಕರು ಹಂಚಿಕೊಂಡು ಮಿಕ್ಕ ಗಂಟೆಗಳೇ ಅತಿಥಿಗಳ ಪಾಲು. ಮಿಕ್ಕದ್ದರಲ್ಲೂ ಅವರು ಹೆಸರು ಮಾಡಿದ್ದರು. ನಕ್ಷೆ ಬರೆಯುವುದನ್ನು ಅವರ ಹಾಗೆ ಕಲಿಸುವವರು ಇಲ್ಲ ಎಂದು ಅವರಿಂದ ಬೈಸಿಕೊಂಡ ಹುಡುಗರೇ ಹೇಳುತ್ತಿದ್ದರು. ಬೈಗುಳವೂ ಹಾಗೇ ಇರುತ್ತಿತ್ತು. "ಇದೇನಪ್ಪ ನದಿಯೋ, ನೂಡಲ್ಸೋ? ಗುಡ್ಡ ಹತ್ತಿ ಹರೀತಿದೆಯಲ್ಲ!" ಇನ್ನೊಬ್ಬರ ನಕ್ಷೆಯ ಮೇಲೆ ತನ್ನ ಹೆಸರು ಬರೆದುಕೊಂಡು ಬಂದ ಹುಡುಗನನ್ನು ಮಾತ್ರ ಅವರು ಬೈಯುತ್ತಿರಲಿಲ್ಲ. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟು, ಆ ದಿನವಿಡೀ ಅವನ ಕಡೆ ನೋಡುತ್ತಿರಲಿಲ್ಲ.

ವಿಭಾಗದಲ್ಲಿ ಅವರಂತೆಯೇ ಇನ್ನೊಬ್ಬ ಅತಿಥಿ ಇದ್ದರು. ಕುಳ್ಳಗಿದ್ದುದರಿಂದ ವಿದ್ಯಾರ್ಥಿಗಳಿಗೆ ಆಕೆ ಸಣ್ಣ ಮೇಡಂ, ಮೇಷ್ಟ್ರಿಗೆ ಸಣ್ಣಮ್ಮ. ಮೇಷ್ಟ್ರಿಗಿಂತ ಹತ್ತು ವರ್ಷ ಚಿಕ್ಕವರು, ಎಡಗೈಯವರು, ಬಾಯಿ ಜೋರು. ಇಬ್ಬರಿಗೂ ಸೇರಿ ಮೆಟ್ಟಿಲ ಕೆಳಗೆ ಒಂದು ಕೋಣೆ, ಒಂದು ಮೇಜು. ಹಿಂದೆ ಅದು ಹಳೆಯ ಭೂಪಟಗಳನ್ನು ಸುತ್ತಿಡುವ ಜಾಗವಾಗಿತ್ತು. ಯಾರಾದರೂ ದಡದಡ ಮೆಟ್ಟಿಲಿಳಿದರೆ ಕೆಳಗೆ ಕೂತ ಇಬ್ಬರೂ ತಲೆ ಬಗ್ಗಿಸುತ್ತಿದ್ದರು. ವರ್ಷಗಟ್ಟಲೆ ಕೂತರೂ ಆ ಅಭ್ಯಾಸ ಹೋಗಲಿಲ್ಲ.

ಮೂರು ವರ್ಷದ ಹಿಂದೆ ಮೇಷ್ಟ್ರಿಗೆ ತರಗತಿಯಲ್ಲೇ ಎದೆನೋವು ಬಂತು. ಶಸ್ತ್ರಚಿಕಿತ್ಸೆಯಾಯಿತು. ಒಂದು ಇಡೀ ಸೆಮಿಸ್ಟರ್ ಪಾಠ, ಮೆಟ್ಟಿಲು, ಬಸ್ಸು ಯಾವುದೂ ಬೇಡ ಎಂದರು ವೈದ್ಯರು. ಅತಿಥಿಗೆ ರಜೆ ಎಂಬುದು ಇರುವುದಿಲ್ಲ. ಎರಡು ವಾರ ಬರದಿದ್ದರೆ ಅವನ ಗಂಟೆಗಳು ಬೇರೆಯವರಿಗೆ ಹೋಗುತ್ತವೆ, ಸೇವೆ ಅಲ್ಲಿಗೆ ಕಡಿದುಬೀಳುತ್ತದೆ. ಸಣ್ಣ ಮೇಡಂಗೆ ಇದು ಕೇಳಿ ಗೊತ್ತಿದ್ದ ವಿಷಯವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆರಿಗೆಗೆ ಹೋದಾಗ ಆಕೆಯ ಸೇವೆಯಲ್ಲೂ ಒಂದು ಸೆಮಿಸ್ಟರ್ ಹಾಗೇ ಕಡಿದುಹೋಗಿತ್ತು.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಆಕೆ ಹೇಳಿದರು, "ನಿಮ್ಮ ಕ್ಲಾಸು ನಾನು ತಗೋತೀನಿ. ಹೆಸರು ನಿಮ್ಮದೇ ಇರಲಿ."

"ಮತ್ತೆ ನಿನ್ನ ಕ್ಲಾಸು?"

"ಅದನ್ನೂ ನಾನೇ ತಗೋತೀನಿ. ಬಾಯಿ ಮುಚ್ಕೊಂಡು ಮಲಗಿ ಮೇಷ್ಟ್ರೇ, ಹೊಲಿಗೆ ಬಿಚ್ಚೀತು."

ನಿವೃತ್ತಿಯ ಹೊಸ್ತಿಲಲ್ಲಿದ್ದ ಆಗಿನ ಮುಖ್ಯಸ್ಥರು ಕಂಡೂ ಕಾಣದಂತೆ ಇದ್ದುಬಿಟ್ಟರು. ದಾಖಲೆಯಲ್ಲಿ ಆ ಸೆಮಿಸ್ಟರಿನ ಪಾಠ ಮೇಷ್ಟ್ರದ್ದೇ. ಸಂಬಳವೂ ಅವರ ಮನೆಗೇ ಹೋಯಿತು. ಸಣ್ಣ ಮೇಡಂ ಬೆಳಗಿನಿಂದ ಸಂಜೆಯವರೆಗೆ ಒಂದು ತರಗತಿಯಿಂದ ಇನ್ನೊಂದಕ್ಕೆ ಓಡಿದರು. ಮೇಷ್ಟ್ರು ಚೇತರಿಸಿಕೊಂಡು ಬಂದ ದಿನ ಆಕೆ ಆಡಿದ್ದು ಒಂದೇ ಮಾತು: "ನೋಡಿ, ನಿಂತೂ ನಿಂತೂ ಒಂದಿಷ್ಟು ಉದ್ದ ಆಗಿದೀನಿ. ನಿಮ್ಮ ಕೃಪೆ."

ಆಮೇಲೆ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ, ಈ ವರ್ಷ ಜಾಹೀರಾತು ಬರುವವರೆಗೆ.

ಭೂಗೋಳ ವಿಭಾಗಕ್ಕೆ ಸಹಾಯಕ ಪ್ರಾಧ್ಯಾಪಕರು ಬೇಕಾಗಿದ್ದಾರೆ, ಹುದ್ದೆಗಳ ಸಂಖ್ಯೆ ಒಂದು. ವಯಸ್ಸು ಐವತ್ತು ಮೀರಿರಬಾರದು. ಬೋಧನೆಯ ಪ್ರತಿ ಸೆಮಿಸ್ಟರಿಗೂ ಅಂಕ. ಮೇಷ್ಟ್ರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮೇಜಿನ ಆಚೆ ತಳ್ಳಿದರು.

"ಒಂದು ಅಂತ ಇದೆಯಲ್ಲ ಮೇಷ್ಟ್ರೇ."

"ನಾನೂ ಕನ್ನಡಕ ಒರೆಸಿ ನೋಡಿದೆ. ಒಂದೇ."

ಅದೇ ಸಂಜೆ ಈಗಿನ ಮುಖ್ಯಸ್ಥರು ಕಾರಿಡಾರಿನಲ್ಲಿ ಸಿಕ್ಕಾಗ ಮೇಷ್ಟ್ರು ಮೆಲ್ಲಗೆ ಕೇಳಿದರು, "ಸಾರ್, ಖಾಯಂ ಒಬ್ಬರು ಬಂದಮೇಲೆ ನಮಗೆ ಎಷ್ಟು ಗಂಟೆ ಉಳಿಯುತ್ತೆ?"

"ಉಳಿಯೋದೇನು ಬಂತು? ಅವರಿಗೇ ಸಾಲೋದಿಲ್ಲ" ಎಂದು ಮುಖ್ಯಸ್ಥರು ಕೈಬೀಸಿ ನಡೆದರು.

ಲೆಕ್ಕ ಸರಳವಾಗಿತ್ತು. ಇಬ್ಬರಲ್ಲಿ ಒಬ್ಬರಿಗೆ ಹುದ್ದೆ ಸಿಕ್ಕರೆ ಇನ್ನೊಬ್ಬರು ಗೇಟಿನ ಹೊರಗೆ. ಓದು, ಸಂಶೋಧನೆ, ಪ್ರಕಟಣೆ ಎಲ್ಲದರಲ್ಲೂ ಇಬ್ಬರೂ ಹೆಚ್ಚುಕಡಿಮೆ ಸಮ. ಸೇರಿದ್ದೂ ಒಂದೇ ವರ್ಷ. ಹೆರಿಗೆಯಲ್ಲಿ ಆಕೆಯದು ಕಡಿದಿದ್ದರಿಂದ ಮೇಷ್ಟ್ರು ಮುಂದಿದ್ದುದು ಒಂದೇ ಒಂದು ಸೆಮಿಸ್ಟರಿನಿಂದ. ಅದೂ, ಅವರು ಮಂಚದ ಮೇಲೆ ಮಲಗಿ, ಆಕೆ ನಿಂತು ಕಳೆದ ಸೆಮಿಸ್ಟರನ್ನು ಲೆಕ್ಕಕ್ಕೆ ಸೇರಿಸಿದರೆ ಮಾತ್ರ. ಮುಂದಿನ ವರ್ಷಕ್ಕೆ ಮೇಷ್ಟ್ರಿಗೆ ಐವತ್ತು ದಾಟುತ್ತಿತ್ತು. ಇದು ಬಿಟ್ಟರೆ ಅವರ ಪಾಲಿಗೆ ಇನ್ನು ಯಾವ ಹುದ್ದೆಯೂ ಇರಲಿಲ್ಲ.

ಅರ್ಜಿ ತುಂಬುವ ದಿನ ಇಬ್ಬರೂ ಅದೇ ಮೇಜಿನ ಎರಡು ತುದಿಯಲ್ಲಿ ಕೂತಿದ್ದರು. ಅನುಭವದ ಕಾಲಮ್ಮಿಗೆ ಬಂದಾಗ ಮೇಷ್ಟ್ರ ಪೆನ್ನು ನಿಂತಿತು.

"ಸಣ್ಣಮ್ಮ, ಆ ಸೆಮಿಸ್ಟರಿಗೆ ಏನು ಬರೀಲಿ?"

ಆಕೆ ತಲೆಯೆತ್ತಲಿಲ್ಲ. "ನನ್ನ ಯಾಕೆ ಕೇಳ್ತೀರಿ? ದಾಖಲೇಲಿ ಪಾಠ ಮಾಡಿರೋರು ನೀವು ತಾನೆ?"

ಅದು ಒಪ್ಪಿಗೆಯೋ ಚುಚ್ಚುಮಾತೋ ಮೇಷ್ಟ್ರಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಆಗಲಿಲ್ಲ. ಬೋಧನೆ ನಿರಂತರ ಎಂದು ಬರೆದರು.

ಅಂದಿನಿಂದ ಆ ಕೋಣೆಗೆ ಅಷ್ಟು ವರ್ಷ ಇಲ್ಲದ ಮರ್ಯಾದೆ ಬಂತು. "ಕಿಟಕಿ ತೆಗೀಲಾ?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಒಬ್ಬರ ಟೀ ಇನ್ನೊಬ್ಬರು ತರುವುದು ನಿಂತಿತು. ಆಕೆ ಓದುತ್ತಿದ್ದ ಪುಸ್ತಕದ ಬೆನ್ನು ಕಾಣದಂತೆ ಇಡುತ್ತಿದ್ದರು, ಇವರು ಟಿಪ್ಪಣಿಯ ಮೇಲೆ ತೋಳು ಅಡ್ಡ ಹಿಡಿಯುತ್ತಿದ್ದರು. ಮೇಲೆ ಯಾರಾದರೂ ಮೆಟ್ಟಿಲಿಳಿದರೆ ಈಗಲೂ ಇಬ್ಬರೂ ಒಟ್ಟಿಗೇ ತಲೆ ಬಗ್ಗಿಸುತ್ತಿದ್ದರು. ಆದರೆ ಆಮೇಲೆ ನಗುತ್ತಿರಲಿಲ್ಲ.

ಸಂದರ್ಶನದ ಹಿಂದಿನ ದಿನ ಸಣ್ಣ ಮೇಡಂ ಬಾಗಿಲು ಮುಂದೆ ಮಾಡಿ ಬಂದು ನಿಂತರು.

"ಮೇಷ್ಟ್ರೇ, ಒಂದ್ಮಾತು. ಆ ಸೆಮಿಸ್ಟರ್ ವಿಷ್ಯ ನಾನು ಎತ್ತಲ್ಲ. ನೀವೂ ಎತ್ತಬೇಡಿ. ಎತ್ತಿದ್ರೆ ನಿಮ್ಮದು ಸುಳ್ಳು ಅರ್ಜಿ, ನಾನು ಆ ಸುಳ್ಳಿಗೆ ಕೈ ಸೇರಿಸಿದೋಳು. ಇಬ್ಬರನ್ನೂ ಆಚೆ ತಳ್ಳಿ ಮೂರನೆಯವನನ್ನ ಕೂರಿಸ್ತಾರೆ."

"ನಿನಗೇನು ಸಿಕ್ಕ ಹಾಗಾಯ್ತಮ್ಮ ಇದರಲ್ಲಿ?"

"ನನಗಿನ್ನೂ ವಯಸ್ಸಿದೆ. ಇನ್ನೊಂದು ಸಲ ಕರೀತಾರೆ."

ಈ ಸಲ ಕರೆಯುವುದಕ್ಕೇ ಎಷ್ಟು ವರ್ಷ ಹಿಡಿಯಿತು ಎಂಬುದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಬೇಡ ಎನ್ನಲಿಲ್ಲ ಎಂಬುದನ್ನು ಆಕೆಯೂ ಗಮನಿಸಿದರು. ಬಾಗಿಲು ತೆಗೆದು ತರಗತಿಗೆ ಹೋದರು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಅಂಗಿಗೆ ಇಸ್ತ್ರಿ ಹಾಕುತ್ತ ನಿಂತಿದ್ದರು. ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ತಿದ್ದಿ ಹೊಲಿಯುವ ಕೆಲಸ ಅವರದು. ಹಳೆಯ ಅಂಗಿಯ ಸವೆದ ಕಾಲರನ್ನು ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೊಲಿದಿದ್ದರು.

"ರೀ, ಅಲ್ಲಿ ಹೋಗಿ ದೊಡ್ಡ ಸತ್ಯವಂತರ ಹಾಗೆ ಬಾಯಿ ಬಿಡಬೇಡಿ. ಕೇಳಿದ್ದಕ್ಕಷ್ಟೇ ಉತ್ತರ."

"ನಾನ್ಯಾಕೆ ಬಾಯಿ ಬಿಡಲಿ?"

"ನಿಮ್ಮನ್ನ ಕಟ್ಟಿಕೊಂಡು ಇಪ್ಪತ್ತು ವರ್ಷ ಆಯ್ತು. ಬಸ್ ಕಂಡಕ್ಟರು ಮರೆತು ಟಿಕೆಟ್ ಕೊಡದಿದ್ರೆ ಹಿಂದೆ ಹೋಗಿ ಕೇಳಿ ಈಸ್ಕೊಂಡು ಬರೋ ಜನ ನೀವು." ಅಂಗಿಯನ್ನು ಅವರ ಕೈಗೆ ಕೊಟ್ಟರು. "ಆಯಮ್ಮ ಮಾಡಿದ ಉಪಕಾರ ನಾನು ಮರೆತಿಲ್ಲ. ಆದ್ರೆ ನಿಮ್ಮ ಮಾತ್ರೆ, ಮಗಳ ಓದು, ಮುಂದಿನದು. ಹೇಗ್ರೀ? ನನ್ನ ಹೊಲಿಗೆ ಮಿಷನ್ನು ಎಷ್ಟು ಎಳೆದೀತು?"

ಮಗಳು ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಳು. "ಅಪ್ಪ, ಅಂಗಿಯ ಮೇಲಿನ ಗುಂಡಿ ಹಾಕ್ಕೋಬೇಡಿ. ಯಾರೋ ಕುತ್ತಿಗೆ ಹಿಡಿದ ಹಾಗೆ ಕಾಣ್ತೀರ."

"ಹಿಡಿದೇ ಇದಾರಲ್ಲ ಮಗಳೇ, ನಿಮ್ಮಮ್ಮ."

ಹೆಂಡತಿ ನಕ್ಕರು. ನಕ್ಕ ಮೇಲೂ ಕಣ್ಣು ಅವರ ಮುಖದ ಮೇಲೆಯೇ ಇತ್ತು. "ನನ್ನಾಣೆ, ರೀ" ಎಂದರು.

"ಆಯ್ತು ಮಾರಾಯ್ತಿ" ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಆ ಮಾತನ್ನು ಉಳಿಸಿಕೊಳ್ಳುವ ಮನಸ್ಸು ಅವರಿಗೆ ಪೂರ್ತಿ ಇತ್ತು. ಬಸ್ಸಿನಲ್ಲಿ ಕೂತು ಆ ಸೆಮಿಸ್ಟರಿನ ಪಾಠಗಳನ್ನು ತಾನೇ ಮಾಡಿದ ಹಾಗೆ ಮನಸ್ಸಿನಲ್ಲೇ ಒಪ್ಪಿಸಿಕೊಂಡರು. ಯಾವ ವಾರ ಏನು, ಯಾವ ಗುಂಪಿಗೆ ಯಾವ ಸಮೀಕ್ಷೆ. ಯಾರು ಎಲ್ಲಿಂದ ಕೇಳಿದರೂ ಸಿಕ್ಕಿಬೀಳದಷ್ಟು ಚೆನ್ನಾಗಿ ಬಾಯಿಪಾಠವಾಯಿತು.

ಬೆಂಚಿನ ಮೇಲೆ ಅವರ ಪಕ್ಕ ಸಣ್ಣ ಮೇಡಂ, ಆಚೆ ತುದಿಯಲ್ಲಿ ಹೊರಗಿನಿಂದ ಬಂದಿದ್ದ ಒಬ್ಬ ಯುವಕ. ಅವನ ಫೈಲು ಇಟ್ಟಿಗೆಯಷ್ಟು ದಪ್ಪ. ಕಾಲನ್ನು ಕುಣಿಸುತ್ತಲೇ ಇದ್ದ. ಬೆಂಚು ಪೂರ್ತಿ ಅಲುಗುತ್ತಿತ್ತು. "ತಮ್ಮಾ, ಭೂಕಂಪ ನಿಲ್ಸಪ್ಪ" ಎಂದರು ಮೇಷ್ಟ್ರು. ಸಣ್ಣ ಮೇಡಂಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ಅಷ್ಟರಲ್ಲಿ ಮೇಷ್ಟ್ರನ್ನು ಒಳಗೆ ಕರೆದರು.

ಒಳಗೆ ನಡೆದದ್ದರಲ್ಲಿ ಒಂದಿಷ್ಟು ಮೇಷ್ಟ್ರೇ ಹೊರಗೆ ಬಂದು ಹೇಳಿದ್ದು. ಮಿಕ್ಕದ್ದು, ನೀರಿನ ಲೋಟ ಇಡಲು ಹೋಗಿ ಅಲ್ಲೇ ನಿಂತುಬಿಟ್ಟ ಅಟೆಂಡರು ಹೇಳಿದ್ದು.

ಅದು ಆಡಳಿತ ಮಂಡಳಿಯ ಸಭಾಕೋಣೆ. ಅತಿಥಿಗಳು ಅಲ್ಲಿಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಮೇಷ್ಟ್ರು ಅದರೊಳಗೆ ಬಂದದ್ದು ಅದೇ ಮೊದಲು. ಉದ್ದ ಮೇಜು. ನಡುವೆ ಕುಲಪತಿ, ಎಡಕ್ಕೆ ವಿಭಾಗದ ಮುಖ್ಯಸ್ಥರು, ಬಲಕ್ಕೆ ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಬಿಳಿಗಡ್ಡದ ವಿಷಯತಜ್ಞರು. ಮೊದಲ ಪ್ರಶ್ನೆಗಳು ಸುಲಭವಾಗಿಯೇ ಸಾಗಿದವು. ಮುಖ್ಯಸ್ಥರು ಹಾಳೆ ತಿರುವಿ, "ಒಂದು ಸೆಮಿಸ್ಟರೂ ತಪ್ಪಿಸಿಲ್ಲ ಸಾರ್ ಇವರು" ಎಂದು ಕುಲಪತಿಗೆ ಹೇಳಿದರು. ಕುಲಪತಿ ತಲೆಯಾಡಿಸಿದರು.

ಆಗ ಬಿಳಿಗಡ್ಡದವರು ಕುರ್ಚಿ ತಿರುಗಿಸಿ ಹಿಂದಿನ ಗೋಡೆಯತ್ತ ಕೈ ತೋರಿದರು. "ಬಂದಾಗಿನಿಂದ ಇದನ್ನೇ ನೋಡ್ತಾ ಇದೀನಿ. ಇದು ನಿಮ್ಮದಲ್ವಾ?"

ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ದೊಡ್ಡ ನಕ್ಷೆ. ನಗರದ ನಡುಭಾಗದ ಬೀದಿಗಳು. ಯಾವ ಬೀದಿಯಲ್ಲಿ ಯಾವ ಹೊತ್ತಿಗೆ ಎಷ್ಟು ನೆರಳಿರುತ್ತದೆ, ನಡೆದು ಹೋಗುವವರು ಬಿಸಿಲು ತಪ್ಪಿಸಿ ಹೇಗೆ ಹೋಗಬಹುದು ಎಂಬುದನ್ನು ಸಣ್ಣ ಸಣ್ಣ ಓರೆಗೆರೆಗಳಲ್ಲಿ ತೋರಿಸಿತ್ತು. ಕೆಳಗೆ ವಿದ್ಯಾರ್ಥಿಗಳ ತಂಡ ಎಂದು ಬರೆದು, ಮಾರ್ಗದರ್ಶನ ಎಂಬಲ್ಲಿ ಮೇಷ್ಟ್ರ ಹೆಸರು. ಅವರು ಹಾಸಿಗೆ ಹಿಡಿದಿದ್ದ ಆ ಸೆಮಿಸ್ಟರಿನದು. ನೆರಳಿನ ಸಮೀಕ್ಷೆ ಮಾಡಿಸಿದೆ ಎಂದು ಸಣ್ಣ ಮೇಡಂ ಆಗ ಹೇಳಿದ್ದುಂಟು. ಅದು ಇಷ್ಟು ದೊಡ್ಡದಾಗಿ, ಇಷ್ಟು ಚೆಂದವಾಗಿ ಇಲ್ಲಿ ತೂಗುತ್ತಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಬಹುಶಃ ಆಕೆಗೂ.

"ಬೆಳಗಿನಿಂದ ಸಂಜೆಯವರೆಗಿನ ನೆರಳನ್ನೆಲ್ಲ ಒಂದೇ ಹಾಳೆಗೆ ಹೇಗೆ ತಂದ್ರಿ? ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತಲ್ಲ?"

ಮೇಷ್ಟ್ರು ಶುರುಮಾಡಿದರು. ಹೇಳುವುದು ಕಷ್ಟವಿರಲಿಲ್ಲ; ಗೆರೆ ನೋಡಿದರೆ ಸಾಕು, ಮಾಡಿದ ಬಗೆ ಅವರಿಗೆ ತಿಳಿಯುತ್ತಿತ್ತು. ಬೆಳಗಿನ ನೆರಳಿಗೆ ತೆಳು ಗೆರೆ, ಮಧ್ಯಾಹ್ನದ್ದಕ್ಕೆ ಚುಕ್ಕಿ, ಸಂಜೆಯದಕ್ಕೆ ಎದುರು ಓರೆ. ಮೂವರೂ ಮುಂದೆ ಬಾಗಿ ಕೇಳಿದರು. ಹೇಳುತ್ತ ಹೇಳುತ್ತ ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋದರು. ಹತ್ತಿರದಿಂದ ನೋಡಿದರೆ ಗೆರೆಗಳ ತುದಿ ಒಂದೊಂದೂ ಎಡಗೈಯವರು ಎಳೆದ ಹಾಗೆ ಎಡಕ್ಕೆ ವಾಲಿತ್ತು.

"ಅದ್ಭುತವಾದ ಕೈ ನಿಮ್ಮದು" ಎಂದರು ಬಿಳಿಗಡ್ಡದವರು.

ಒಂದು ನಮಸ್ಕಾರ ಹಾಕಿ ಕೂತಿದ್ದರೆ ಮುಗಿದಿತ್ತು. ಮೇಷ್ಟ್ರು ಗಾಜಿನ ಮೇಲೆ ಬೆರಳಿಟ್ಟು ನಿಂತೇ ಇದ್ದರು.

"ಕೈ ನನ್ನದಲ್ಲ ಸಾರ್."

"ವಿದ್ಯಾರ್ಥಿಗಳದ್ದು, ಸರಿ. ತಿದ್ದಿದ್ದು ನೀವಲ್ವಾ?"

"ಇಲ್ಲ ಸಾರ್. ನಾನು ತಿದ್ದಿದ್ರೆ ಈ ಮಾರುಕಟ್ಟೆ ಹತ್ತಿರ ಮೂರು ಗಂಟೆ ನೆರಳನ್ನ ಇಷ್ಟು ದಟ್ಟ ಮಾಡೋಕೆ ಬಿಡ್ತಿರಲಿಲ್ಲ. ಕಣ್ಣು ಅಲ್ಲಿಗೇ ಹೋಗುತ್ತೆ ನೋಡಿ." ಬೆರಳನ್ನು ಗಾಜಿನಿಂದ ತೆಗೆದರು. "ಅದೊಂದು ಬಿಟ್ರೆ, ನನ್ನ ಕೈಲಿ ಇದು ಆಗ್ತಿರಲಿಲ್ಲ. ಇದು ಸಣ್ಣ ಮೇಡಂ ಮಾಡಿಸಿದ್ದು. ಹೊರಗೆ ಬೆಂಚಿನ ಮೇಲೆ ಕೂತಿದಾರಲ್ಲ, ಅವರು."

ಮುಖ್ಯಸ್ಥರು ಪೆನ್ನು ಕೆಳಗಿಟ್ಟರು. ಕುಲಪತಿ ಕೇಳಿದರು, "ಆ ತರಗತಿ ತಗೊಂಡಿದ್ದು ನೀವು ಅಂತಿದೆಯಲ್ಲ?"

"ಆ ಸೆಮಿಸ್ಟರ್ ಪೂರ್ತಿ ನಾನು ಮನೇಲಿ ಮಲಗಿದ್ದೆ ಸಾರ್. ನನ್ನ ಪಾಠವನ್ನೂ ಅವರೇ ಮಾಡಿದ್ರು."

"ಏನು ಹೇಳ್ತಿದೀರಿ ಅಂತ ಗೊತ್ತಾಗ್ತಿದೆಯಾ? ಅರ್ಜಿಯಲ್ಲಿ ಸುಳ್ಳು ಬರೆದಿದೀರಿ."

"ಬರೆದಿದೀನಿ."

"ಆಕೆಯೂ ಅದಕ್ಕೆ ಸೇರಿಕೊಂಡಿದಾರೆ ಅಂತಾಯ್ತು."

ಇಲ್ಲಿಗೆ ಬಂದಾಗ ಮೇಷ್ಟ್ರ ಮುಖ ಬಿಳಿಚಿತು ಎಂದು ಅಟೆಂಡರು ಹೇಳುತ್ತಾನೆ. ಹಿಂದಿನ ದಿನ ಬಾಗಿಲು ಮುಂದೆ ಮಾಡಿ ಆಕೆ ಹೇಳಿದ್ದೂ ಇದೇ ಮಾತು. ಅವರು ಮೇಜಿನ ಹತ್ತಿರ ಬಂದು, ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅವರ ಅರ್ಜಿ ತೆಗೆದು ನೋಡಿ ಸಾರ್. ಆ ಸೆಮಿಸ್ಟರಿಗೆ ತಮ್ಮ ಪಾಠ ಮಾತ್ರ ಬರ್ಕೊಂಡಿದಾರೆ. ನಂದು ಮಾಡಿದ್ದನ್ನ ಒಂದಕ್ಷರ ಬರ್ಕೊಂಡಿಲ್ಲ. ಒಂದು ಕಾಸೂ ತಗೊಂಡಿಲ್ಲ. ಸುಳ್ಳು ಬರೆದೋನು ನಾನೊಬ್ಬ. ಹೊಡೆದುಹಾಕೋದಾದ್ರೆ ನನ್ನ ಹೆಸರು ಹೊಡೆದುಹಾಕಿ."

"ಇದಕ್ಕೆಲ್ಲ ಸಾಕ್ಷಿ?"

ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚತೊಡಗಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಎದೆಯ ನಡುವಿನ ಉದ್ದ ಗಾಯದ ಗುರುತು ಕಾಣಿಸಿತು. "ಬೇಡ, ಬೇಡ, ಗುಂಡಿ ಹಾಕ್ಕೊಳ್ಳಿ" ಎಂದರು ಕುಲಪತಿ, ಮುಖ ಆ ಕಡೆ ಮಾಡಿ. ಬಿಳಿಗಡ್ಡದವರು ಮಾತ್ರ ಕುರ್ಚಿಯಿಂದೆದ್ದು ಮತ್ತೆ ನಕ್ಷೆಯ ಹತ್ತಿರ ಹೋಗಿ, ಮಾರುಕಟ್ಟೆಯ ನೆರಳನ್ನು ಬಗ್ಗಿ ನೋಡತೊಡಗಿದರು.

"ನೀವಿನ್ನು ಹೋಗಬಹುದು. ಮುಂದಿನವರನ್ನ ಐದು ನಿಮಿಷ ಬಿಟ್ಟು ಕರೀತೀವಿ."

ಮೇಷ್ಟ್ರು ಹೊರಗೆ ಬಂದು ಬೆಂಚಿನ ಮೇಲೆ ಕುಸಿದು ಕೂತರು. ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು. ಹಣೆಯ ಮೇಲೆ ಬೆವರು.

"ಏನಾಯ್ತು ಮೇಷ್ಟ್ರೇ?"

"ಒಳಗೆ ಗೋಡೆ ಮೇಲೆ ನಿನ್ನ ನೆರಳಿನ ನಕ್ಷೆ ಹಾಕಿದಾರೆ ಕಣಮ್ಮ. ಗಾಜು ಹಾಕ್ಸಿ. ಕೆಳಗೆ ನನ್ನ ಹೆಸರು."

"ಅಯ್ಯೋ, ಇರಲಿ ಬಿಡಿ. ಆಮೇಲೆ?"

"ಆಮೇಲೇನು. ಹೇಳಿಬಿಟ್ಟೆ."

ಸಣ್ಣ ಮೇಡಂ ಹಲ್ಲು ಕಚ್ಚಿ, ಆಚೆ ಕೂತವನಿಗೆ ಕೇಳದಂತೆ ಬೈದರು. "ನಿಮಗೆ ಬುದ್ಧಿ ಇದೆಯಾ? ಅಷ್ಟು ಹೇಳಿದ್ನಲ್ಲ! ಇಬ್ಬರದೂ ಮುಳುಗಿಸಿದ್ರಲ್ಲ ಮೇಷ್ಟ್ರೇ! ಮನೇಲಿ ಅಕ್ಕನಿಗೆ ಏನಂತ ಹೇಳ್ತೀರಿ?"

"ಅದೇ ಯೋಚಿಸ್ತಿದೀನಿ. ಮನೆಗೆ ಹೋಗೋ ಬಸ್ಸು ಇವತ್ತು ನಿಧಾನ ಬರಲಿ." ಎಡಭುಜವನ್ನು ಒತ್ತಿಕೊಂಡರು. "ನಿಂದು ಮುಳುಗಿಲ್ಲ. ಕೇಳಿಲ್ಲಿ. ನಿನ್ನ ಅರ್ಜೀಲಿ ಸುಳ್ಳಿಲ್ಲ ಅಂತ ಹೇಳಿದೀನಿ. ಕೇಳಿದ್ರೆ ನೀನೂ ಇದ್ದದ್ದು ಇದ್ದ ಹಾಗೆ ಹೇಳು."

"ನಿಮ್ಮ ಮುಖ ಯಾಕೆ ಹೀಗಿದೆ? ಮಾತ್ರೆ ಎಲ್ಲಿ?"

"ತಗೊಂಡೆ. ಕೂತ್ಕೋ, ಟೈಮಿಲ್ಲ." ಜೇಬಿನಿಂದ ಸಂದರ್ಶನದ ಕರೆಪತ್ರ ತೆಗೆದು, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು ಉದ್ದ ಚೌಕ ಎಳೆದರು. "ಇದು ಮೇಜು. ಇಲ್ಲಿ ಕುಲಪತಿ, ಸಿಟ್ಟಲ್ಲಿದಾರೆ, ಇವರ ಕಡೆ ಜಾಸ್ತಿ ನೋಡಬೇಡ. ಇಲ್ಲಿ ನಮ್ಮವರು, ಗಾಳಿ ಬಂದ ಕಡೆ ವಾಲ್ತಾರೆ. ಈ ಮೂಲೇಲಿ ಬಿಳಿಗಡ್ಡ. ನಿನ್ನ ಕುರ್ಚಿ ಕಿಟಕಿಗೆ ಎದುರು, ಬೆಳಕು ಕಣ್ಣಿಗೆ ಬೀಳುತ್ತೆ, ಸ್ವಲ್ಪ ಎಳ್ಕೊಂಡು ಕೂತ್ಕೋ. ನಕ್ಷೆ ಇರೋದು ಈ ಗೋಡೆ ಮೇಲೆ. ಬಿಳಿಗಡ್ಡ ಕೇಳೋಕೆ ಮೊದಲು ನೀನೇ ಎದ್ದು ಅಲ್ಲಿಗೆ ಹೋಗು. ಮಾರುಕಟ್ಟೆ ನೆರಳು ದಟ್ಟ ಆಗಿದೆ ಅಂತ ನಾನು ಚಾಡಿ ಹೇಳಿದೀನಿ."

"ದಟ್ಟ ಇರಲೇಬೇಕು ಅಲ್ಲಿ! ಅಂಗಡಿ ಮುಂದಿನ ತಗಡು ಎಲ್ಲ ಸೇರಿ ಬೀಳೋ ನೆರಳದು!"

"ಇದನ್ನೇ ಹೇಳು. ಇಷ್ಟೇ ಜೋರಾಗಿ."

ಬಾಗಿಲು ತೆರೆಯಿತು. ಸಣ್ಣ ಮೇಡಂ ಎದ್ದವರು ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದರು. "ಹೋಗಮ್ಮ, ನನ್ನನ್ನೇನು ನೋಡ್ತೀಯ" ಎಂದು ಮೇಷ್ಟ್ರು ಕೈಯಾಡಿಸಿದರು. ಆಕೆ ಆ ಕಾಗದವನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದರು.

ಬೆಂಚಿನ ಆಚೆ ತುದಿಯ ಯುವಕನ ಕಾಲು ಮತ್ತೆ ಕುಣಿಯತೊಡಗಿತ್ತು. ಮೇಷ್ಟ್ರು ಅವನ ಕಡೆ ತಿರುಗಿದರು.

"ನಿನಗೂ ಒಂದು ಬರೆದುಕೊಡಲಾ? ಒಂದು ಹಾಳೆ ಇದ್ರೆ ಕೊಡಪ್ಪ."

ಅವನು ಆ ದಪ್ಪ ಫೈಲಿನಿಂದ ಒಂದು ಬಿಳಿ ಹಾಳೆ ಎಳೆದುಕೊಟ್ಟ. ಮೇಷ್ಟ್ರು ಅದನ್ನು ಮೊಣಕಾಲಿನ ಮೇಲೆ ಹರಡಿ, ಅಂಗೈಯಿಂದ ನೇವರಿಸಿ ಸಮ ಮಾಡಿ, ಮೇಜಿನ ಮೊದಲ ಗೆರೆ ಎಳೆದರು.